ಅಳತೆಯ ಕುಬಸ

ಮಗಳು ಇಂದೂನ ಮದುವೆಯ ಹೊತ್ತಿಗೆ ನಿಪ್ಪಾಣಿಯ ಬೀಗರ ಮನೆಗೆ ಹೋದ ಸಾವಂತ್ರವ್ವನ ಅಳತೆಯ ಕುಬಸ ತಿರುಗಿ ಬಂದಿರಲಿಲ್ಲ. ಬೀಗತಿ ಗೌರಾಬಾಯಿ ಅದನ್ನು ತಾನಾಗಿ ಕೇಳಿ ಒಯ್ದಿದ್ದಳು. ಮದುವೆಯ ಉಡುಗೊರೆಯಾಗಿ ಆಯೇರಿ ಮಾಡುವುದೆಂದರೆ ಬರೀ ಕುಬಸದ ಖಣ ಕೊಟ್ಟು ಕೈ ತೊಳೆದುಕೊಳ್ಳುವುದಲ್ಲ, ಹೊಲಿಸಿ ತಂದು, ಅಲ್ಲೇ ತೊಡಿಸಿ, ನಾಲ್ಕು ಮಂದಿಯ ಕಣ್ಣೆದುರು ಉಡಿ ತುಂಬಬೇಕು ಎಂಬುದು ಆ ಮನೆತನದ ರೀತಿ. ಮದುವೆಯಲ್ಲಿ ಹಾಗೆಯೇ ಆಯಿತು. ಕುಬಸ ಮೈಗೆ ಅಚ್ಚು ಹಾಕಿದಂತೆ ಕೂತದ್ದನ್ನು ನೋಡಿ ನೆರೆದ ಹೆಂಗಸರೆಲ್ಲ ನಿಪ್ಪಾಣಿ ದರ್ಜಿಯ ಕೈಗುಣ ಹೊಗಳಿದರು. ಆ ಹೊಗಳಿಕೆಯಲ್ಲಿ ದರ್ಜಿಯ ಪಾಲೆಷ್ಟು, ತನ್ನ ಪಾಲೆಷ್ಟು ಎಂದು ಸಾವಂತ್ರವ್ವ ಒಳಗೊಳಗೇ ನಕ್ಕಿದ್ದಳು.

ಅದಾಗಿ ಎರಡು ವರ್ಷಕ್ಕೆ, ಎಂಬತ್ತೆಂಟನೆಯ ಇಸವಿಯಲ್ಲಿ, ಆಕೆಯ ಎಡಮೊಲೆಯಲ್ಲಿ ಗಂಟು ಸಿಕ್ಕಿತು. ಗಂಟಷ್ಟೇ ಹೋಗುತ್ತದೆ ಅಂದುಕೊಂಡು ಆಪರೇಶನ್ ಖೋಲಿಯೊಳಗೆ ಹೋದವಳು, ಎಚ್ಚರವಾದಾಗ ಒಂದು ಕಡೆ ಬಯಲಾಗಿದ್ದಳು.

ಮರಾಠಿ ಸೀಮೆಯ ಯೆರವಡಾದಲ್ಲಿ ಆಕೆಯ ಗಂಡ ನಿಜಲಿಂಗಪ್ಪನದು ಜೋಳದ ಅಂಗಡಿ. ಮುಂದೆ ಅಂಗಡಿ, ಹಿಂದೆ ಎರಡು ಖೋಲಿಯ ಮನೆ, ನಡುವೆ ಗೋಣಿತಟ್ಟಿನ ಪರದೆ. ಇಂಡಿ ಕಡೆಯ ಬಿಳಿಜೋಳ, ಬ್ಯಾಡಗಿ ಮೆಣಸಿನಕಾಯಿ, ಅಗಸಿ, ಗುರೆಳ್ಳು ಎಲ್ಲ ಅಲ್ಲಿ ಸಿಗುತ್ತಿದ್ದುದರಿಂದ ಕಟ್ಟಡ ಕೆಲಸಕ್ಕೆ ಬಂದ ಕನ್ನಡದ ಜನವೆಲ್ಲ ಅವನ ಗಿರಾಕಿಗಳು. ಅವರಿಗೆಲ್ಲ ಹೇಳಿದ್ದು ಪಿತ್ತಕೋಶದ ಕಲ್ಲು ತೆಗೆಸಿದ್ದು ಎಂದು. ನಿಪ್ಪಾಣಿಗೂ ಅದನ್ನೇ ಹೇಳಿ ಕಳಿಸಿದ್ದರು. ಇಂದೂಗೆ ಆಗಷ್ಟೇ ದಿನ ನಿಂತಿದ್ದವು. ತಾಯಿಗೆ ಇಂಥ ಬ್ಯಾನೆ ಎಂದು ತಿಳಿದರೆ ಆ ಮನೆಯ ಹಿರಿಯರು ಇಂದೂನ ಎದೆಹಾಲನ್ನೇ ಅನುಮಾನದಿಂದ ನೋಡುತ್ತಾರೆ ಎಂಬ ಹೆದರಿಕೆ ಸಾವಂತ್ರವ್ವನಿಗೆ. ಮಗಳಿಗೂ ನಿಜ ಹೇಳಿರಲಿಲ್ಲ.

ಮುಚ್ಚಿಡುವುದು ಮಾತಿನಲ್ಲಾದರೆ ಸಲೀಸು. ಮೈಯಲ್ಲಿ ಮುಚ್ಚಿಡುವುದು ಕಷ್ಟವಾಯಿತು. ಹಳೆಯ ಧೋತರದ ಚೂರು ಉಂಡೆ ಮಾಡಿ ಕುಬಸದೊಳಗೆ ಇಟ್ಟುಕೊಳ್ಳುತ್ತಿದ್ದಳು. ಒಂದು ದಿನ ಚೀಲಕ್ಕೆ ಬಗ್ಗಿ ಸೇರಿನಿಂದ ಜೋಳ ತುಂಬುವಾಗ ಆ ಉಂಡೆ ಜಾರಿ ಸೇರಿನೊಳಗೇ ಬಿತ್ತು. ಎದುರಿಗೆ ನಿಂತವಳು ಗಾರೆ ಹೊರುವ ತಿಪ್ಪವ್ವ. ಬಾಯಿ ಬಿರುಸು, ಮನಸ್ಸು ಮೆತ್ತಗೆ.

"ಏನ್ರೀ ಅಕ್ಕಾರ, ಜ್ವಾಳದ ತೂಕಕ್ಕ ಅರಿವೀನೂ ಕೂಡಸಾಕ್ಹತ್ತೀರಿ?" ಎಂದು ನಕ್ಕಳು. ನಗುತ್ತಲೇ ಕಣ್ಣು ಮೇಲಕ್ಕೆ ಹೋಯಿತು. ನಗು ಅಲ್ಲೇ ನಿಂತಿತು. ಉಡಿಯೊಡ್ಡಿ ಜೋಳ ಇಸಕೊಂಡು, ತಲೆ ತಗ್ಗಿಸಿ ಹೋಗಿಬಿಟ್ಟಳು. ಆಕೆ ಇನ್ನೊಂದು ಮಾತು ಆಡಿ ಅಣಕಿಸಿದ್ದರೂ ಸಾವಂತ್ರವ್ವ ತಡೆದುಕೊಳ್ಳುತ್ತಿದ್ದಳು. ಆ ಸುಮ್ಮನಿರುವಿಕೆ ಮಾತ್ರ ರಾತ್ರಿಯೆಲ್ಲ ಚುಚ್ಚಿತು.

ಪರದೇಶದಲ್ಲಿ ಕಲಿತು ಬಂದ ಒಬ್ಬ ಡಾಕ್ಟರು ಚರ್ಮದಡಿಯಲ್ಲಿ ರಬ್ಬರಿನಂಥ ಚೀಲ ಇಟ್ಟು, ಅದರೊಳಗೆ ಸೂಜಿಯಿಂದ ಸ್ವಲ್ಪ ಸ್ವಲ್ಪವೇ ಉಪ್ಪುನೀರು ತುಂಬಿ ಉಬ್ಬಿಸುತ್ತಾರೆ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಆಕೆ ಹಟ ಹಿಡಿದದ್ದು ಅದಕ್ಕೇ.

"ಈ ವಯಸ್ಸಿನಾಗ ಯಾಕ ಬೇಕ ಅದು? ಯಾರ ನೋಡ್ತಾರ?" ಎಂದಿದ್ದ ನಿಜಲಿಂಗಪ್ಪ.

"ನಾ ನೋಡ್ಕೋತೀನಲ್ರೀ," ಎಂದಿದ್ದಳು.

ಚೀಲ ಇಟ್ಟರು. ಆ ಡಾಕ್ಟರ ದವಾಖಾನೆಯಲ್ಲಿ ನೀರು ತುಂಬುವ ಕೆಲಸ ನರ್ಸ್ ರಾಧಾಬಾಯಿಯದು. ಅಕ್ಕಲಕೋಟ ಕಡೆಯ ವಿಧವೆ, ಕನ್ನಡ ಬಲ್ಲವಳು. ಚರ್ಮದ ಮೇಲೆ ಬೆರಳಾಡಿಸಿ ಒಳಗೆ ಚೀಲದ ಬಾಯಿಗಿದ್ದ ಲೋಹದ ಬಿಲ್ಲೆಯನ್ನು ಹುಡುಕಿ, ಅದರ ನಡುವಿಗೆ ಸೂಜಿ ಇಳಿಸುತ್ತಿದ್ದಳು. ವಾರ ಕಳೆದಂತೆ ಎದೆ ಹೊಲದ ಬದುವಿನಂತೆ ಮೆಲ್ಲಗೆ ಏರಿತು. ಬಿಗಿಯುತ್ತಿತ್ತು, ನೋಯುತ್ತಿತ್ತು. ಆದರೂ ಸೆರಗು ಜಾರಿದರೆ ಈಗ ಎದೆ ಧಸಕ್ಕೆನ್ನುತ್ತಿರಲಿಲ್ಲ.

ಅಷ್ಟರಲ್ಲಿ ದೊಡ್ಡಾಸ್ಪತ್ರೆಯವರು ಕರೆಂಟ್ ಕೊಡಬೇಕು ಎಂದರು. ಆ ಬ್ಯಾನೆಗೆ ಕಿರಣ ಬಿಡುವುದನ್ನು ಜನ ಕರೆಂಟ್ ಅಂತಲೇ ಅನ್ನುತ್ತಿದ್ದರು. ಕರೆಂಟಿನ ಡಾಕ್ಟರು ಸುಲಭಾಬಾಯಿ ಎಂಬ ತೆಳ್ಳಗಿನ ಹೆಂಗಸು. ಮೊದಲ ದಿನವೇ ಸಾವಂತ್ರವ್ವನ ಪಕ್ಕ ಕುರ್ಚಿ ಎಳೆದುಕೊಂಡು ಮರಾಠಿಯಲ್ಲಿ ಹೇಳಿದಳು: "ಮಾವಶಿ, ಒಳಗೆ ಚೀಲ ಇಟ್ಟವರಿಗೆ ನಾನು ಈ ತನಕ ಕರೆಂಟ್ ಕೊಟ್ಟಿಲ್ಲ. ಮುಂಬಯಿಯ ನನ್ನ ಗುರುಗಳನ್ನು ಕೇಳಿದೆ. ಚೀಲ ಇಷ್ಟು ಉಬ್ಬಿದ್ದರೆ ಕಿರಣ ಓರೆಯಾಗಿ ಬಿಡುವುದು ಕಷ್ಟ, ಪುಪ್ಪುಸಕ್ಕೂ ಹೃದಯಕ್ಕೂ ತಗಲುತ್ತದೆ. ಅರ್ಧ ನೀರು ತೆಗೆಸೋಣ. ಆಮೇಲೆ ಲೆಕ್ಕ ಹಾಕೋಣ."

ಅರ್ಧ ನೀರು ತೆಗೆದರು. ಏರಿದ ಬದು ಮತ್ತೆ ಇಳಿಯಿತು.

ಲೆಕ್ಕ ಹಾಕುವ ದಿನ ಆಕೆ ಎಡಗೈ ತಲೆಯ ಮೇಲೆತ್ತಿ, ಗಟ್ಟಿ ಮೇಜಿನ ಮೇಲೆ ಬಯಲೆದೆಯಲ್ಲಿ ಮಲಗಬೇಕಾಯಿತು. ಖೋಲಿಯಲ್ಲಿ ಡಾಕ್ಟರಲ್ಲದೆ ಕನ್ನಡಕ ಹಾಕಿದ ಗಂಡಸೊಬ್ಬನಿದ್ದ. ಕಿರಣದ ಲೆಕ್ಕ ಅವನದೇ ಅಂತೆ. ಅವನು ಮುಖ ನೋಡದೆ, ಮಾತಾಡದೆ, ಮೆತ್ತನೆಯ ಸೀಸದ ತಂತಿಯೊಂದನ್ನು ಆಕೆಯ ಎದೆಯ ಮೇಲೆ ಅಡ್ಡಲಾಗಿ ಒತ್ತಿ, ಏರುತಗ್ಗಿಗೆ ಸರಿಯಾಗಿ ಬಾಗಿಸಿ, ಹಾಗೇ ಎತ್ತಿ ರಟ್ಟಿನ ಮೇಲಿಟ್ಟು ಗೆರೆ ಎಳೆದ. ಆ ಗೆರೆಗುಂಟ ರಟ್ಟನ್ನು ಕತ್ತರಿಸಿದ. ಒಂದು ಫೋಟೋ ತೆಗೆದರು. ಕಪ್ಪು ಫಿಲ್ಮಿನಲ್ಲಿ ಲೋಹದ ಬಿಲ್ಲೆ ಬೆಳ್ಳಗೆ ಕಂಡಿತು, ಅದರ ನೆರಳು ಬೀಳುವ ಜಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕಂತೆ. ಆಮೇಲೆ ನೇರಳೆ ಬಣ್ಣದ ಔಷಧಿಯಿಂದ ಮೈಮೇಲೆ ಗೆರೆ ಬರೆದರು. ಸಾವಂತ್ರವ್ವ ಇಷ್ಟು ಹೊತ್ತೂ ಮುಖವನ್ನು ಗೋಡೆಯ ಕಡೆಗೆ ಹೊರಳಿಸಿಕೊಂಡಿದ್ದಳು. ಗೋಡೆಯ ಸುಣ್ಣ ಒಂದು ಕಡೆ ಎದ್ದಿತ್ತು. ಅದನ್ನೇ ನೋಡುತ್ತ, ಇದು ನನ್ನ ಮೈ ಅಲ್ಲ, ಯಾರೋ ಅಳೆಯುತ್ತಿರುವ ಹೊಲ ಎಂದುಕೊಂಡಳು.

"ಮಾವಶಿ, ಗೆರೆ ಅಳಿಸಬಾರದು. ಅಲ್ಲಿ ಸೋಪು, ನೀರು ಬೇಡ," ಎಂದಳು ಸುಲಭಾಬಾಯಿ. "ಇನ್ನೊಂದು ಮಾತು. ಕರೆಂಟ್ ಮುಗಿಯುವ ತನಕ ಚೀಲದೊಳಗೆ ಒಂದು ಹನಿ ನೀರು ಹೋಗಬಾರದು, ಬರಬಾರದು. ಇವತ್ತು ನೀವು ಹೇಗಿದ್ದೀರೋ ಹಾಗೇ ಇರಬೇಕು. ಮುಂದಿನ ಗುರುವಾರ ಶುರು ಮಾಡೋಣ."

ಸಾವಂತ್ರವ್ವ ತಲೆಯಾಡಿಸಿದಳು.

ಗುರುವಾರಕ್ಕೆ ಇನ್ನೂ ದಿನವಿರುವಾಗ ತಂಬಾಕಿನ ಲಾರಿಯ ಅಂಬಣ್ಣ ನಿಪ್ಪಾಣಿಯಿಂದ ಸುದ್ದಿ ತಂದ. ಅಂಗಡಿಯ ಕಟ್ಟೆಗೆ ಕೂತು, ಕೊಟ್ಟ ಚಹಾ ಬಸಿಗೆ ಸುರುವಿಕೊಳ್ಳುತ್ತ ಹೇಳಿದ: "ಐತವಾರ ಛಲೋ ಐತಂತ್ರೀ. ಇಂದೂನ ಏಳನೇ ತಿಂಗಳ ಬಸುರಿನ ಕುಬಸದ ಕಾರ್ಯ ಇಲ್ಲೇ ತವರಮನ್ಯಾಗ ಮಾಡೂಣು, ನಾವು ಮುಂಜಾನಿ ಮೋಟಾರಿಗೆ ಬರ್ತೀವಿ ಅಂತ ಗೌರಾಬಾಯಾರು ಹೇಳ್ಯಾರ. ಕಾತ್ರಜದಾಗ ಇಳೀತಾರಂತ, ಕರಕೊಳ್ಳಾಕ ನಿಮ್ಮ ಯಜಮಾನ್ರ ಬರಬೇಕಂತ."

"ಆಗಲೇಳಪ್ಪ," ಎಂದಳು ಸಾವಂತ್ರವ್ವ.

"ಇನ್ನೊಂದ ಮುಖ್ಯ ಮಾತ ಐತಿ. ಮಗಳಿಗಷ್ಟ ಅಲ್ಲ, ತಾಯಿಗೂ ಕುಬಸ ಹೊಲ್ಸಾಕ ಹಾಕ್ಯಾರ. ಗುಳೇದಗುಡ್ಡದ ಖಣ. ಹಳೇ ಅಳತಿ ನಮ್ಮ ಕಡೇನ ಐತಿ, ಬೀಗತಿ ತೊಟಗೊಂಡ ಬಂದ ನಮ್ಮೆದರ ಕುಂಡ್ರಬೇಕು, ಹಂಗ ಹೇಳು ಅಂದಾರ."

ಅಂಬಣ್ಣ ಹೋದ ಮೇಲೆ ಸಾವಂತ್ರವ್ವ ಬಾಗಿಲು ಮುಚ್ಚಿ, ಟ್ರಂಕಿನಿಂದ ಆ ಮದುವೆಯ ಕುಬಸವನ್ನೇ ತೆಗೆದು ತೊಟ್ಟಳು. ಬಲಕ್ಕೆ ತುಂಬಿ ನಿಂತಿತು. ಎಡಕ್ಕೆ ಖಾಲಿ ಚೀಲದಂತೆ ಜೋತು ಬಿತ್ತು. ಅರಿವೆಯ ಉಂಡೆ ಇಟ್ಟು ನೋಡಿದಳು. ಇಳಿಜಾರಿನ ಮೇಲೆ ಅದು ನಿಲ್ಲಲಿಲ್ಲ, ಕಂಕುಳಿಗೆ ಸರಿಯಿತು. ಮೇಲಾಗಿ ಉಜ್ಜಿ ನೇರಳೆ ಗೆರೆ ಎಲ್ಲಿ ಅಳಿಸುತ್ತದೋ ಎಂದು ಹೆದರಿ ಕಿತ್ತೆಸೆದಳು. ಆ ಗೆರೆಗಳಿಗಾಗಿ ಆಕೆ ಸೆಕೆಯಲ್ಲೂ ಮೈ ತೊಳೆದಿರಲಿಲ್ಲ, ಕುತ್ತಿಗೆಯ ಬೆವರು ಕೆಳಗಿಳಿಯದಂತೆ ಘಳಿಗೆಗೊಮ್ಮೆ ಒರೆಸಿಕೊಳ್ಳುತ್ತಿದ್ದಳು.

ಮರುದಿನ ಗಂಡ ಮಾಲು ತರಲು ಹೋದ ಹೊತ್ತು ನೋಡಿ, ಅಂಗಡಿಯ ಹಲಗೆ ಹಾಕಿ, ಬಸ್ಸು ಹತ್ತಿ ರಾಧಾಬಾಯಿಯ ದವಾಖಾನೆಗೆ ಹೋದಳು. ಅಲ್ಲಿನ ಡಾಕ್ಟರು ಊರಲ್ಲಿರಲಿಲ್ಲ. ಅದು ತಿಳಿದೇ ಹೋಗಿದ್ದಳು.

"ತೆಗೆದ ನೀರು ತಿರಗಿ ತುಂಬಬೇಕಂತ," ಎಂದಳು.

"ಕರೆಂಟ್ ಆಗೂತನಕ ಬ್ಯಾಡ ಅಂದಿದ್ರಲ್ರೀ ಅಕ್ಕಾರ?"

"ಈಗ ಹೇಳ್ಯಾರ. ಡಾಕ್ಟರಬಾಯಾರ ಹೇಳ್ಯಾರ."

"ಚೀಟಿ?"

"ಬಾಯಿಲೆ ಹೇಳ್ಯಾರವ್ವ. ನನ್ನ ಮಾತ ನಂಬೂದಿಲ್ಲೇನ ನೀ?"

ರಾಧಾಬಾಯಿ ಒಂದು ಘಳಿಗೆ ಆಕೆಯ ಮುಖ ನೋಡಿದಳು. ಇಷ್ಟು ತಿಂಗಳಲ್ಲಿ ಹಬ್ಬಕ್ಕೆ ಹೋಳಿಗೆ ಕಟ್ಟಿಕೊಟ್ಟ ಮುಖ ಅದು. ಸೂಜಿ ಕುದಿಸಲು ಇಟ್ಟಳು.

ಐತವಾರದ ಮಟ್ಟಿಗೆ ಇರಲಿ, ಆಮೇಲೆ ಏನಾದರೂ ನೆವ ಹೇಳಿ ತೆಗೆಸಿದರಾಯಿತು ಎಂದುಕೊಳ್ಳುತ್ತ ಸಾವಂತ್ರವ್ವ ಬಸ್ಸಿನಲ್ಲಿ ಕೂತಳು. ಗೆರೆಗಳಂತೂ ಇದ್ದಲ್ಲೇ ಇವೆ. ಕರೆಂಟು ಗೆರೆ ನೋಡಿ ತಾನೇ ಬೀಳುವುದು? ಇದನ್ನು ನಂಬಿದ್ದಳೆಂದಲ್ಲ. ನಂಬಬೇಕಾಗಿತ್ತು.

ಗುರುವಾರ ಯಂತ್ರದ ಕೆಳಗೆ ಮಲಗಿದಳು. ಕನ್ನಡಕದವನು ಕತ್ತರಿಸಿದ ರಟ್ಟನ್ನು ತಂದು ಎದೆಯ ಮೇಲೆ ಇಟ್ಟ. ರಟ್ಟು ಕೂರಲಿಲ್ಲ. ಎಡಗಡೆ ಎತ್ತಿಕೊಂಡು ನಿಂತಿತು, ಒಂದು ಎತ್ತಿನ ಹೆಗಲಿಗೆ ಕಡೆದ ನೊಗ ಇನ್ನೊಂದಕ್ಕೆ ಇಟ್ಟ ಹಾಗೆ. ಸರಿಸಿ ನೋಡಿದ. ಮತ್ತೆ ಇಟ್ಟ. ಸಂದಿನಲ್ಲಿ ಬೆರಳು ಹೋಗುವಷ್ಟು ಬೆಳಕು. ಅವನು ಮೊದಲ ಸಲ ಆಕೆಯ ಮುಖ ನೋಡಿ, ಸುಲಭಾಬಾಯಿಯನ್ನು ಕರೆದ.

"ಮಾವಶಿ, ಇದು ಹೇಗೆ ದಪ್ಪವಾಯಿತು?"

ಸಾವಂತ್ರವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. "ಬಾವು ಬಂದಿರಬೇಕ್ರೀ," ಎಂದಳು. ಹೇಳಿದ ಕೂಡಲೇ ತಿಳಿಯಿತು, ಈ ಮಾತು ಹಿಂದಿನದಕ್ಕಿಂತ ದೊಡ್ಡದು ಎಂದು.

ಸುಲಭಾಬಾಯಿಯ ಮುಖ ಕಪ್ಪಿಟ್ಟಿತು. ಬಗ್ಗಿ ಒತ್ತಿ ನೋಡಿದಳು, ಹಿಂಗೈಯಿಂದ ಮುಟ್ಟಿ ಬಿಸಿ ನೋಡಿದಳು. ಜ್ವರ ಬಂದಿತ್ತೇ, ಚಳಿ ಬಂದಿತ್ತೇ ಎಂದು ಕೇಳಿದಳು. ಕರೆಂಟ್ ಇವತ್ತು ಬೇಡ ಎಂದಳು. ಯಂತ್ರದ ಮೇಜಿನಿಂದ ಇಳಿಸಿ ಬಟ್ಟೆ ಹೊದಿಸಿದಳು. ಮನೆಯ ಪಕ್ಕದ ಕಿರಾಣಿ ಅಂಗಡಿಯ ಫೋನಿಗೆ ಹೇಳಿ ನಿಜಲಿಂಗಪ್ಪನನ್ನು ಕರೆಸಿದರು. ಚೀಲದ ದವಾಖಾನೆಗೂ ಫೋನು ಹೋಯಿತು.

ನಿಜಲಿಂಗಪ್ಪ ಬಂದಾಗ ಅವನ ಹುಬ್ಬಿನ ಮೇಲೆ ಇನ್ನೂ ಜೋಳದ ಧೂಳಿತ್ತು. ಒಳಗೆ ಕೀವೋ ರಕ್ತವೋ ಸೇರಿರಬಹುದು, ಹಾಗಿದ್ದರೆ ಚೀಲ ಕೊಯ್ದು ತೆಗೆಯಬೇಕು, ಗಾಯ ಮಾಯುವ ತನಕ ಕರೆಂಟ್ ಇಲ್ಲ, ಈಗಾಗಲೇ ತಡವಾಗಿದೆ ಎಂದು ಡಾಕ್ಟರು ಹೇಳಿದ್ದನ್ನು ಅವನು ನಿಂತೇ ಕೇಳಿದ. ಹೊರಗೆ ಪಡಸಾಲೆಯ ಬಾಕಿನ ಮೇಲೆ ಹೆಂಡತಿಯ ಪಕ್ಕ ಕೂತ.

"ಹೆದರಬ್ಯಾಡ. ಚೀಲ ಹೋದರ ಹೋತು," ಎಂದ. ಆಕೆಯ ಕಡೆ ತಿರುಗಿ, "ಅವತ್ತ ಯಾಕ ಬೇಕ ಅಂದದ್ದು ಬಾಯಿಗೆ ಬಂದಂಗ ಅಂದಿದ್ದೆ. ಅದ ಇಟ್ಟ ಮ್ಯಾಲ ನೀ ಅಂಗಡಿ ಗಲ್ಲೇದ ಮ್ಯಾಲ ನೆಟ್ಟಗ ಕುಂಡ್ರಾಕ್ಹತ್ತಿದ್ದಿ. ನಾ ನೋಡೀನಿ," ಎಂದ.

ಸಾವಂತ್ರವ್ವನಿಗೆ ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

ರಾಧಾಬಾಯಿ ಬಂದಳು. ಬಾಗಿಲಲ್ಲಿ ಸಾವಂತ್ರವ್ವನನ್ನು ಕಂಡು ಅವಳ ಹೆಜ್ಜೆ ತಡೆಯಿತು. ಸುಲಭಾಬಾಯಿ ಎಲ್ಲರನ್ನೂ ಒಳಗೆ ಕರೆದು, ಈ ವಾರ ಇವರು ನಿಮ್ಮಲ್ಲಿಗೆ ಬಂದಿದ್ದರೇ ಎಂದು ಕೇಳಿದಳು.

"ಇಲ್ಲ ಬಾಯಿ. ನನ್ನ ಕಡೆ ಬಂದೇ ಇಲ್ಲ," ಎಂದಳು ರಾಧಾಬಾಯಿ ಮರಾಠಿಯಲ್ಲಿ. ಹೇಳಿ ನೆಲ ನೋಡಿದಳು. ಚೀಟಿಯಿಲ್ಲದೆ ಸೂಜಿ ಹಿಡಿದದ್ದು ಗೊತ್ತಾದರೆ ಅವಳ ಕೆಲಸ ಉಳಿಯುವಂತಿರಲಿಲ್ಲ. ಸೂಜಿ ಇಳಿಸುವಾಗ ಒಮ್ಮೆಯೂ ನಡುಗದ ಅವಳ ಕೈ ಈಗ ಸೀರೆಯ ನಿರಿಗೆಯಲ್ಲಿ ನಡುಗುತ್ತಿತ್ತು.

"ಹಾಗಾದರೆ ಒಳಗೇ ಏನೋ ಆಗಿದೆ," ಎಂದಳು ಸುಲಭಾಬಾಯಿ. "ನಾಳೆ ಕೊಯ್ದು ನೋಡುವುದೇ."

ಸಾವಂತ್ರವ್ವ ಆ ಕೈ ನೋಡಿದಳು. ತಾನು ಆಡಿದ ಸುಳ್ಳು ಇನ್ನೊಬ್ಬಳ ಬಾಯಿಂದಲೂ ಸುಳ್ಳು ಆಡಿಸಿತ್ತು. ಇನ್ನು ಸುಮ್ಮನಿದ್ದರೆ ಅದು ಡಾಕ್ಟರ ಕೈಗೆ ಕತ್ತಿ ಕೊಡುತ್ತಿತ್ತು.

"ಬಾವಲ್ರೀ," ಎಂದಳು. ಮತ್ತೆ ಅಂದಳು, ಕನ್ನಡದಲ್ಲೋ ಮರಾಠಿಯಲ್ಲೋ ಆಕೆಗೇ ತಿಳಿಯದು: "ನೀರು. ನಾನ ತುಂಬಿಸೀನಿ. ನೀವ ಹೇಳೀರಿ ಅಂತ ಈಕೀಗಿ ಸುಳ್ಳ ಹೇಳಿ ತುಂಬಿಸೀನಿ. ಈಕೀದೇನೂ ತಪ್ಪಿಲ್ರೀ."

ನಿಜಲಿಂಗಪ್ಪ ಹುಬ್ಬಿನ ಧೂಳು ಒರೆಸಿಕೊಂಡ.

"ಯಾತಕ್ಕೆ?" ಎಂದಳು ಸುಲಭಾಬಾಯಿ.

"ಐತವಾರ ಮಗಳ ಕುಬಸ ಅದರೀ. ಬೀಗರು ಹಳೇ ಅಳತಿಗೆ ಹೊಲಿಸ್ಯಾರ."

ಡಾಕ್ಟರಿಗೆ ಕುಬಸದ ಕಾರ್ಯ ಅರ್ಥವಾಯಿತೋ ಇಲ್ಲವೋ. ಕತ್ತರಿಸಿದ ರಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತಳು. "ಮಾವಶಿ, ರಟ್ಟು ಇಟ್ಟು ನೋಡದೆ ಕರೆಂಟ್ ಬಿಟ್ಟಿದ್ದರೆ ಬೀಳಬೇಕಾದ ಕಡೆ ಕಡಿಮೆ, ಬೀಳಬಾರದ ಕಡೆ ಹೆಚ್ಚು ಬೀಳುತ್ತಿತ್ತು. ಅಷ್ಟು ದಿನವೂ." ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು. "ಈಗ ಅದೇ ಅಳತೆಗೆ ನೀರು ತೆಗೆಯಬೇಕು. ತಂತಿ, ರಟ್ಟು, ಫೋಟೋ ಎಲ್ಲ ಮತ್ತೆ. ಇವತ್ತೇ ತೆಗೆದರೆ ಸೋಮವಾರ ಶುರು ಮಾಡಬಹುದು. ನಿಮ್ಮ ಕಾರ್ಯ ಆದ ಮೇಲೆ ತೆಗೆದರೆ ಇನ್ನೊಂದು ವಾರ ಹೋಯಿತು. ಮೈ ನಿಮ್ಮದು. ಹೇಳಿ."

ಗಂಡ ಕಿಟಕಿಯ ಕಡೆ ನೋಡುತ್ತಿದ್ದ. ಸಾವಂತ್ರವ್ವ ರಾಧಾಬಾಯಿಯ ಕಡೆ ತಿರುಗಿ, "ಈಗ ತಗಿಯವ್ವ," ಎಂದಳು.

ನೀರು ತೆಗೆಸಿಕೊಂಡು ಗಂಡಹೆಂಡತಿ ಬಸ್ಸು ಹತ್ತಿದರು. ಯೆರವಡಾದಲ್ಲಿ ಇಳಿದು, ಅಂಗಡಿಯ ಹಲಗೆ ತೆಗೆಯುತ್ತ ನಿಜಲಿಂಗಪ್ಪ ಒಂದೇ ಮಾತು ಅಂದ: "ಕುಬಸಕ್ಕ?" ಆಕೆ ಪರದೆ ಸರಿಸಿ ಒಳಗೆ ಹೋದಳು. ಅವನೂ ಕಾಯಲಿಲ್ಲ.

ಐತವಾರ ಮುಂಜಾನೆ ಬೀಗರು ಬಂದರು. ಇಂದೂ ತುಂಬಿದ ಬಸುರಿ, ಮುಖಕ್ಕೆ ಬೇರೆ ಕಳೆ. ಹಸಿರು ಸೀರೆ, ಹಸಿರು ಬಳೆ, ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ತಿಪ್ಪವ್ವನೂ ಬಂದು ಗಾರೆ ಕಚ್ಚಿದ ಕೈಯಿಂದಲೇ ಅರಿಶಿನ ಹಚ್ಚಿದಳು. ಅದಾದ ಮೇಲೆ ಗೌರಾಬಾಯಿ ಬುಟ್ಟಿಯಿಂದ ಕೆಂಪು ಖಣದ ಕುಬಸ ತೆಗೆದು ಎತ್ತಿ ಹಿಡಿದಳು. "ಹೂಂ, ಬೀಗತಿ, ತೊಟಗೊಂಡ ಬರ್ರಿ. ಮಗಳೊಬ್ಬಾಕಿನ ಚಂದ ಕಂಡರ ಸಾಕೇನ?" ಹೆಂಗಸರು ನಕ್ಕರು.

ಒಳಖೋಲಿಯಲ್ಲಿ ಸಾವಂತ್ರವ್ವ ಅದನ್ನು ತೊಟ್ಟು ನಿಂತಳು. ಎಡಗಡೆ ಖಣ ಸುಕ್ಕುಗಟ್ಟಿ ಜೋತಿತ್ತು. ಸೆರಗು ಎರಡು ಸುತ್ತು ಹೊದ್ದು ನೋಡಿದಳು. ಹೊದ್ದಷ್ಟೂ ಅದೇ ಎದ್ದು ಕಾಣುವಂತೆ ಅನ್ನಿಸಿತು. ಹೊರಗೆ ಎರಡು ಸಲ ಕರೆದರು.

ಕರೆಯಲು ಬಂದವಳು ಇಂದೂ. ಬಾಗಿಲು ತಳ್ಳಿದಾಗ ಸೆರಗು ಇನ್ನೂ ಕೈಯಲ್ಲಿತ್ತು. ಕುಬಸದ ಕೊರಳಿನಿಂದ ನೇರಳೆ ಗೆರೆಯೊಂದು ಮೇಲಕ್ಕೆ ಹತ್ತಿ ಬಂದಿತ್ತು.

"ಯವ್ವಾ, ಏನಿದು?"

ಸಾವಂತ್ರವ್ವ ಸೆರಗು ಎಳೆದುಕೊಂಡಳು. ಇಂದೂ ಅದನ್ನು ಹಿಡಿದು ಸರಿಸಿದಳು. ನೋಡಿದಳು. ಗೆರೆ, ತಗ್ಗು, ಜೋತ ಬಟ್ಟೆ.

"ಕಲ್ಲ ತಗಸೀನಿ ಅಂದಿದ್ದಿ," ಎಂದಳು. "ನನಗೂ ಹೇಳಲಿಲ್ಲ ನೀ."

"ನಿನ್ನ ಮಂದಿ ಏನಂತಾರೋ ಅಂತ..."

"ನನ್ನ ಮಂದಿ ಅಂದರ ನೀ ಅಲ್ಲೇನ?" ಇಂದೂನ ಕಣ್ಣು ತುಂಬಿದವು, ಆದರೆ ದನಿಯಲ್ಲಿ ಸಿಟ್ಟೇ ಇತ್ತು. ಗೂಡಿನಿಂದ ಸೂಜಿದಾರ ತಂದು, ತಾಯಿಯನ್ನು ಬೆಳಕಿಗೆ ತಿರುಗಿಸಿ, ಹೊಟ್ಟೆ ಅಡ್ಡಬರುತ್ತಿದ್ದುದರಿಂದ ಓರೆಯಾಗಿ ನಿಂತು, ಎಡಗಡೆಯ ಜೋತ ಖಣವನ್ನು ಮಡಿಚಿ ಉದ್ದ ಉದ್ದ ಟಾಕು ಹಾಕತೊಡಗಿದಳು. ಬೆರಳು ಗೆರೆಗೆ ತಾಗದಂತೆ ಎತ್ತರಿಸಿ ಹಿಡಿದಿದ್ದಳು. ಮಗಳ ಉಸಿರು ಕೊರಳಿಗೆ ತಾಗುತ್ತಿತ್ತು. ಸಾವಂತ್ರವ್ವ ಇಲ್ಲಿಯೂ ಗೋಡೆಯ ಕಡೆ ಮುಖ ಮಾಡಿದಳು.

ಹೊರಗೆ ಬಂದು ಮಣೆಯ ಮೇಲೆ ಕೂತಾಗ ಗೌರಾಬಾಯಿ ಕುಂಕುಮದ ಬಟ್ಟಲು ಹಿಡಿದು ಬಗ್ಗಿದಳು. ಕಣ್ಣು ಎಡಕ್ಕೆ ಹೋಯಿತು. ಹುಬ್ಬು ಗಂಟಿಕ್ಕಿತು.

"ಅಯ್ಯ, ಇದೇನ್ರೀ ಇದು! ಒಂದ ಕಡೆ ಟಾಕ ಹಾಕೀರಿ? ಆ ದರ್ಜೀಗೆ ಹಳೇ ಅಳತಿ ಕೊಟ್ಟೂ ಹಿಂಗ ಕೆಡಿಸ್ಯಾನಲ್ಲ. ಊರಿಗೆ ಹೋದಕೂಡ್ಲೆ ಅವನ ಮಶಿನ್ನ ಎತ್ತಿ ಹೊರಗ ಒಗಸ್ತೀನಿ. ಇನ್ನ ನಮ್ಮ ಮನ್ಯಾಗ ಒಂದ ಹೊಲಗಿ ಕೊಡೂದಿಲ್ಲ ಅವಗ."

ಹೆಂಗಸರು ದರ್ಜಿಯನ್ನು ಬೈಯತೊಡಗಿದರು. ತಿಪ್ಪವ್ವ ಮಾತ್ರ ಬಾಗಿಲ ಬಳಿ ತಲೆ ತಗ್ಗಿಸಿ ಕೂತಿದ್ದಳು. ಸಾವಂತ್ರವ್ವ ಹೂಂ ಅಂದರೆ ಮುಗಿದುಹೋಗುತ್ತಿತ್ತು. ಹೂಂ ಅನ್ನಲು ಬಾಯಿಯೂ ತೆರೆಯಿತು. ಆಗ ಸೀರೆಯ ನಿರಿಗೆಯಲ್ಲಿ ನಡುಗುತ್ತಿದ್ದ ರಾಧಾಬಾಯಿಯ ಕೈ ಕಣ್ಣೆದುರು ಬಂತು.

"ದರ್ಜೀದೇನೂ ತಪ್ಪಿಲ್ರೀ," ಎಂದಳು. ತಲೆ ಎತ್ತಲಾಗಲಿಲ್ಲ, ಮಣೆಯ ರಂಗೋಲಿಯನ್ನೇ ನೋಡುತ್ತ ಹೇಳಿದಳು. "ನನ್ನ ಅಳತೀನ ಬದಲಾಗೇದ."

ಕುಂಕುಮದ ಬೆರಳು ಗಾಳಿಯಲ್ಲೇ ನಿಂತಿತು. "ಹಂಗಂದರ?" ಎಂದಳು ಗೌರಾಬಾಯಿ.

ಸಾವಂತ್ರವ್ವ ಮಣೆಗೆ ಕೈಯೂರಿ ಎದ್ದಳು.

"ಒಳಗ ಬರ್ರಿ. ಹೇಳ್ತೀನಿ," ಎಂದು ಮುಂದೆ ನಡೆದಳು. ಗೌರಾಬಾಯಿ ಬಟ್ಟಲು ಹಿಡಿದುಕೊಂಡೇ ಹಿಂದೆ ಬಂದಳು. ಇಂದೂ ಗೋಡೆ ಹಿಡಿದು ಎದ್ದು, ಅವರಿಬ್ಬರ ಹಿಂದೆ ತಾನೂ ಹೋಗಿ, ಬಾಗಿಲು ಮುಚ್ಚಿದಳು.